ಹಣೆ ಮುಟ್ಟಬೇಡಿ

ಬಟ್ಟೆ ಅಂಗಡಿಯ ಗುಮಾಸ್ತನ ಹಣೆಯಲ್ಲಿ ಮೂರು ಗೆರೆಗಳಿದ್ದವು. "ನಿನ್ನ ಗಂಟುಮೋರೆ ನೋಡಿ ಗಿರಾಕಿಗಳು ಬಾಗಿಲಲ್ಲೇ ವಾಪಸ್ಸು ಹೋಗ್ತಿದಾರಂತೆ. ಹಣೆ ಸರಿಮಾಡ್ಕೋ, ಇಲ್ಲಾಂದ್ರೆ ಗೋದಾಮಿಗೆ ನಡಿ," ಎಂದಿದ್ದರು ಮಾಲೀಕರು.

ಗೋದಾಮೆಂದರೆ ಕಿಟಕಿಯಿಲ್ಲದ ನೆಲಮಾಳಿಗೆ. ಗುಮಾಸ್ತ ಹೆಂಡತಿಗೂ ಹೇಳದೆ ಬ್ಯೂಟಿ ಪಾರ್ಲರಿಗೆ ಹೋಗಿ ಗೆರೆ ಅಳಿಸುವ ಇಂಜೆಕ್ಷನ್ ಚುಚ್ಚಿಸಿಕೊಂಡ. "ಇವತ್ತು ಹಣೆ ಮುಟ್ಟಬೇಡಿ," ಎಂದಳು ಪಾರ್ಲರಿನವಳು. ಅವನು ಮುಟ್ಟಲಿಲ್ಲ. ಮುಖದ ಜೊತೆ ತಲೆಯೂ ಒಪ್ಪವಾಗಲೆಂದು ನೇರ ಕ್ಷೌರಿಕನ ಬಳಿ ಹೋದ. ಕತ್ತರಿ ಕೆಳಗಿಟ್ಟ ಮೇಲೆ ಹಳೇ ಗಿರಾಕಿಯ ಹಣೆಯನ್ನು ಪುಕ್ಕಟೆ ತಿಕ್ಕುವುದು ಆ ಕ್ಷೌರಿಕನ ಪದ್ಧತಿ. ಬೇಡವೆಂದರೆ ಗುಟ್ಟು ರಟ್ಟು. ಗುಮಾಸ್ತ ಹಲ್ಲುಕಚ್ಚಿ ತಿಕ್ಕಿಸಿಕೊಂಡ.

ವಾರ ಕಳೆದು ಒಂದು ಬೆಳಿಗ್ಗೆ ಕನ್ನಡಿ ನೋಡಿದರೆ ಗೆರೆಗಳು ಮಾಯ. ಆದರೆ ಎಡಗಣ್ಣಿನ ರೆಪ್ಪೆ ಸಾಲ ಕೊಟ್ಟವನನ್ನು ಕಂಡ ಅಂಗಡಿಯ ಷಟರಿನಂತೆ ಅರ್ಧಕ್ಕಿಳಿದಿತ್ತು. ಬಲಹುಬ್ಬು ಗೋಡೆಯಾಚೆ ಇಣುಕುವ ನೆರೆಯವಳಂತೆ ಮೇಲೇರಿತ್ತು.

"ಯಾಕ್ರೀ ಹಾಗೆ ನೋಡ್ತೀರಾ?" ಹೆಂಡತಿ ಬೆವರಿದಳು. "ಸರಿ, ಹೌದು! ನಿಮ್ಮಕ್ಕ ಕೊಟ್ಟ ಹೂಜಿ ಒಡೆದದ್ದು ಬೆಕ್ಕಲ್ಲ, ನಾನೇ."

ಮೆಟ್ಟಿಲಲ್ಲಿ ಎದುರಾದ ಪಕ್ಕದ ಮನೆಯ ಮೇಷ್ಟ್ರು ಕೈಯಲ್ಲಿದ್ದ ಪತ್ರಿಕೆಯನ್ನು ಬೆನ್ನ ಹಿಂದೆ ಮರೆಸಿದರು. "ಓದಿ ನಿಮ್ಮ ಬಾಗಿಲಲ್ಲೇ ಇಡ್ತೀನಯ್ಯಾ! ದಿನಾ ಇಡ್ತಿಲ್ವೇ?"

ಡಾಕ್ಟರಮ್ಮ ರೆಪ್ಪೆ ಪರೀಕ್ಷಿಸಿದರು. "ಚುಚ್ಚಿದ್ದು ಯಾವ ಡಾಕ್ಟರು?"

"ಪಾರ್ಲರಿನವರು..."

"ಆಮೇಲೆ ತಿಕ್ಕಿದ್ದು?"

"ಕ್ಷೌರದವರು."

"ಇಸ್ತ್ರಿಯವರೊಬ್ಬರು ಬಾಕಿ! ಮದ್ದು ರೆಪ್ಪೆಗಿಳಿದಿದೆ. ತಾನಾಗೇ ಸರಿಹೋಗ್ಬೇಕು, ವಾರಗಟ್ಟಲೆ ಹಿಡಿಯುತ್ತೆ. ಇನ್ನಾದ್ರೂ ಹಣೆ ಮುಟ್ಟಬೇಡಿ." ಅಷ್ಟು ಹೇಳಿ ಅವನ ಮುಖ ನೋಡಿದವರೇ ಗೋಡೆಯತ್ತ ಬೊಟ್ಟು ಮಾಡಿದರು. "ಅಲ್ಲಿದೆ ನೋಡ್ರೀ ನನ್ನ ಸರ್ಟಿಫಿಕೇಟು!"

ಅಂಗಡಿಗೆ ಕಾಲಿಟ್ಟರೆ ದರ್ಜಿ ತಾನಾಗಿಯೇ ಬಂದು, ಉಳಿದ ತುಂಡುಬಟ್ಟೆಗಳನ್ನೆಲ್ಲ ಮನೆಗೆ ಸಾಗಿಸಿದ್ದನ್ನು ಒಪ್ಪಿಕೊಂಡ.

ಗುಮಾಸ್ತ ಮಾಲೀಕರ ಕೋಣೆಗೆ ಹೋದ. ಮಾಲೀಕರು ಅವನನ್ನೇ ದಿಟ್ಟಿಸಿ, ಎದ್ದು ಬಾಗಿಲು ಹಾಕಿದರು.

"ಯಾರು ಹೇಳಿದ್ರು ನಿಂಗೆ?"

"ನಂಗೇನೂ ಗೊತ್ತಿಲ್ಲ ಸ್ವಾಮಿ."

"ಈ ಮುಖ ಇಟ್ಕೊಂಡು ಗೊತ್ತಿಲ್ಲ ಅಂದ್ರೆ ಯಾರಯ್ಯಾ ನಂಬ್ತಾರೆ? ಹೌದಪ್ಪ, ಗಿರಾಕಿಗಳು ಯಾರೂ ದೂರಿಲ್ಲ. ನಿನ್ನ ಕೌಂಟರು ನನ್ನ ಭಾಮೈದನಿಗೆ ಅಂತ ಹೋದ ವರ್ಷವೇ ನಮ್ಮನೆಯವಳಿಗೆ ಮಾತು ಕೊಟ್ಟಾಗಿದೆ. ಏನೋ ಒಂದು ನೆಪ ಬೇಕಿತ್ತು, ನಿನ್ನ ಹಣೆ ಎದುರಿಗಿತ್ತು. ನಿಜ ಹೇಳಿಬಿಟ್ಟೆ, ಮನಸ್ಸು ಹಗುರಾಯ್ತು. ಇನ್ನು ಗೋದಾಮಿಗೆ ನಡಿ."

ಹಣೆ ಹಣೆ ಚಚ್ಚಿಕೊಳ್ಳಲು ಗುಮಾಸ್ತ ಕೈಯೆತ್ತಿದ. ಡಾಕ್ಟರಮ್ಮನ ಮಾತು ನೆನಪಾಯಿತು. ಕೈಯಿಳಿಸಿ, ನೆಲಮಾಳಿಗೆಯ ಮೆಟ್ಟಿಲಿಳಿದ.