ಜೇನಿಲ್ಲದ ಜೇನು ಯಜಮಾನರು

ಜೇನು ಸಾಕಿದವರಿಗೆ ತುಪ್ಪ ಸಿಗುತ್ತದೋ ಇಲ್ಲವೋ ಹೇಳಲಾರೆ, ನಗುವುದಕ್ಕೆ ಮಾತ್ರ ಆಗಾಗ ಏನಾದರೊಂದು ಸಿಕ್ಕೇ ಸಿಗುತ್ತದೆ. ಹೊಸೂರಿನ ಸುತ್ತ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಮತ್ತಿಗಿರಿಯಲ್ಲಿ ನಾವೊಂದಷ್ಟು ಜನ ಹಿತ್ತಲಲ್ಲಿ ಒಂದೋ ಎರಡೋ ಜೇನುಪೆಟ್ಟಿಗೆ ಇಟ್ಟುಕೊಂಡಿದ್ದೆವು. ಅರ್ಧ ಜನ ರಾಗಿ ಬೆಳೆಯುವವರು, ಇನ್ನರ್ಧ ನನ್ನ ಹಾಗೆ ಶಿಫ್ಟಿಗೆ ಹೋಗುವವರು. ಭಾನುವಾರ ಟೀ ಅಂಗಡಿ ಮುಂದೆ ಸೇರಿ ಒಬ್ಬರಿಗೊಬ್ಬರು ಸಲಹೆ ಕೊಡುವುದು ನಮ್ಮ ಸಂಘದ ಮುಖ್ಯ ಕೆಲಸ. ಜೇನು ಸಾಕುವುದೆಲ್ಲ ಆಮೇಲೆ.

೧. ಬಾಣಂತಿ

ಸಂಘದ ಯಜಮಾನರು ನಮ್ಮ ಪಕ್ಕದ ಮನೆಯವರು, ಊರಿಗೆಲ್ಲ ದೊಡ್ಡಪ್ಪ. ಜೇನಿನ ವಿಷಯದಲ್ಲಿ ಅವರಿಗೆ ಗೊತ್ತಿಲ್ಲದ್ದೇ ಇಲ್ಲ. ಅವರ ಪೆಟ್ಟಿಗೆಯಲ್ಲಿ ಇಲ್ಲದ್ದು ಜೇನು ಒಂದೇ. ವರ್ಷಗಳಿಂದ ಅದು ಖಾಲಿ. ಒಳಗೆ ಮೇಣ ಸವರಿದರು, ಬೆಲ್ಲದ ನೀರು ಚಿಮುಕಿಸಿದರು, ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಎತ್ತಿಟ್ಟರು. ಇರುವೆ ಬಂದವು, ಜೇನು ಬರಲಿಲ್ಲ. ನಮ್ಮ ಹಿತ್ತಲಲ್ಲಿ ಗುಂಯ್ ಎಂದಾಗಲೆಲ್ಲ ಗೋಡೆಯ ಮೇಲಿಂದ ಆಸೆಗಣ್ಣು ಬಿಟ್ಟು ನೋಡುತ್ತಿದ್ದರು. ನನಗೇ ಅಯ್ಯೋ ಅನ್ನಿಸುತ್ತಿತ್ತು.

ಒಂದು ದಿನ ಗೋಡೆಯಾಚೆಯಿಂದ ಕೂಗಿದರು: "ಬಾರ್ಲಾ ಬೇಗ! ಪೆಟ್ಟಿಗೇಲಿ ಸದ್ದಾಯ್ತೈತೆ. ಸಂಸಾರ ಬಂದ್ ಕುಂತೈತೆ ಕಣ್ಲಾ!"

ಓಡಿದೆ. ದೊಡ್ಡಪ್ಪ ಮುಖಕ್ಕೆ ಟವಲು ಸುತ್ತಿಕೊಂಡು, ಪೆಟ್ಟಿಗೆಯ ಬಾಗಿಲಿಗೆ ಹೊಗೆ ಕೊಟ್ಟು, ದೇವರನ್ನು ನೆನೆದು ಮುಚ್ಚಳ ಎತ್ತಿದರು. ಕಂಗಾಲಾದ ಇಲಿಯೊಂದು ಅವರ ತೋಳಿನ ಮೇಲಿಂದಲೇ ಓಡಿತು. ಒಳಗೆ ಇನ್ನೂ ಕಣ್ಣು ಬಿಡದ ಮರಿಗಳು.

ದೊಡ್ಡಮ್ಮ ಇಣುಕಿ ನೋಡಿ ಹೇಳಿದರು: "ಬಾಣಂತಿ ಐತೆ. ನೀವು ಹೊಗೆ ಹಾಕಿದ್ದೂ ಒಳ್ಳೇದೇ ಆಯ್ತು ಬುಡಿ."

೨. ಕಾಡು ಜೇನು

ಆಲಸನತ್ತಂನಲ್ಲಿದ್ದ ಗೆಳೆಯನೊಬ್ಬ ನಮ್ಮ ಕಾರ್ಖಾನೆಯವನೇ. ಒಂದು ಮಧ್ಯಾಹ್ನ ಫಸ್ಟ್ ಶಿಫ್ಟ್ ಮುಗಿಸಿ ಬರುವಾಗ ಅವನ ಬೀದಿಯ ಹುಣಸೆಮರದಲ್ಲಿ ಜೇನಿನ ಹಿಂಡು ಜೋತಾಡುತ್ತಿತ್ತು. ಪಕ್ಕದ ಮನೆಯಿಂದ ಮಂಕರಿ ಇಸಕೊಂಡು ಹಿಂಡನ್ನು ಹಿಡಿದ, ಮೇಲೆ ಪಂಚೆ ಕಟ್ಟಿದ, ಮನೆಗೂ ಹೋಗದೆ ನೇರ ನಮ್ಮ ಟೀ ಅಂಗಡಿಗೆ ಬಂದ. ಎಲ್ಲರಿಗೂ ಅವನದೇ ಕಾಫಿ.

ದೊಡ್ಡಪ್ಪ ಪಂಚೆ ಸರಿಸಿ ನೋಡಿದರು. "ಕಾಡ್ ಜೇನು ಕಣ್ಲಾ, ಅಂಚೆಟ್ಟಿ ಕಡೇದು. ಮೈಕಟ್ಟು ನೋಡು! ನಿನ್ ಮನೇಲಿರೋ ಬಡಕಲು ಜೇನಿನ್ ಪಕ್ಕ ಇದುನ್ನ ಇಡ್ಬ್ಯಾಡ, ಕೆಟ್ಟೋಯ್ತದೆ. ನಂಗ್ ಕೊಟ್‌ಬುಡು."

"ಇದೊಂದ್ ಕೇಳ್ಬ್ಯಾಡಿ ದೊಡ್ಡಪ್ಪ," ಎಂದು ಅವನು ಮಂಕರಿಯನ್ನು ಮಡಿಲಿಗೆ ಎಳೆದುಕೊಂಡ.

ಹೊಸ ಸಂಸಾರ ಇಳಿಸಲು ಎಲ್ಲರೂ ಅವನ ಮನೆಗೆ ಹೋದೆವು. ಬಾಗಿಲಲ್ಲೇ ಅವನ ಹೆಂಡತಿ ಅಳುಮೋರೆ ಮಾಡಿಕೊಂಡು ನಿಂತಿದ್ದಳು. "ಏನ್ರೀ, ಬೆಳಿಗ್ಗೆ ನಮ್ ಜೇನೆಲ್ಲಾ ಎದ್ದು ಹೋಗ್ಬುಟ್ವು. ಹುಣಸೆಮರದ್ ಕಡೆ ಹೋದಂಗಿತ್ತು."

ಎಲ್ಲರೂ ಮಂಕರಿ ನೋಡಿದೆವು. ಆಮೇಲೆ ದೊಡ್ಡಪ್ಪನನ್ನು ನೋಡಿದೆವು. ಅವರು ಒಂದಿಷ್ಟೂ ಅಳುಕಲಿಲ್ಲ: "ನೋಡ್ದಾ? ಅರ್ಧ ದಿವ್ಸ ನಿನ್ ಮನೆ ಬುಟ್ಟಿದ್ದಕ್ಕೇ ಎಂಗ್ ಮೈ ತುಂಬ್ಕೊಂಡವೆ!"

೩. ಸಾಹೇಬರು ಬಂದರು

ಕೃಷ್ಣಗಿರಿಯಿಂದ ಇಲಾಖೆಯ ಸಾಹೇಬರು ನಮ್ಮ ಸಂಘ ನೋಡಲು ಬರುತ್ತಾರೆಂದು ಸುದ್ದಿ ಬಂತು. ಮೊದಲು ಯಜಮಾನರ ಪೆಟ್ಟಿಗೆಯನ್ನೇ ನೋಡುತ್ತಾರಂತೆ.

ಹಿಂದಿನ ದಿನ ಸಂಜೆ ದೊಡ್ಡಪ್ಪ ಗೋಡೆ ಹತ್ತಿರ ಬಂದು ಸುಮ್ಮನೆ ನಿಂತರು. ಸಲಹೆಯಿಲ್ಲದೆ ಅವರು ಹಾಗೆ ನಿಂತದ್ದನ್ನು ನಾನು ನೋಡಿರಲೇ ಇಲ್ಲ. "ನಿನ್ ಪೆಟ್ಟಿಗೆ ಒಂದ್ ದಿವ್ಸಕ್ ಕೊಡಪ್ಪಾ," ಎಂದರು. "ಖಾಲಿ ಪೆಟ್ಟಿಗೆ ಇಟ್ಕೊಂಡು ಎಂಥಾ ಯಜಮಾನ್ಕೆ ಅಂತ ನಗ್ತಾರೆ. ನನ್ ಮಾನ ನಿನ್ ಕೈಲೈತೆ." ಒಪ್ಪಿಕೊಂಡೆ. ಜೇನೆಲ್ಲ ಗೂಡು ಸೇರಿದ ಮೇಲೆ ಬಾಗಿಲಿಗೆ ಬಟ್ಟೆ ತುರುಕಿ, ಇಬ್ಬರೂ ಸೇರಿ ಪೆಟ್ಟಿಗೆಯನ್ನು ಗೋಡೆ ದಾಟಿಸಿದೆವು. ಅವರದು ದನದ ಕೊಟ್ಟಿಗೆಗೆ ಹೋಯಿತು.

ಪಕ್ಕದ ಹಿತ್ತಲಿಗೆ ಪೆಟ್ಟಿಗೆ ಸರಿಸಿದರೆ ಮೇಯಲು ಹೋದ ಜೇನು ಹಳೇ ಜಾಗಕ್ಕೇ ವಾಪಸ್ ಬರುತ್ತದೆ. ಸಂಘಕ್ಕೆ ಯಾರೇ ಹೊಸಬರು ಬರಲಿ, ದೊಡ್ಡಪ್ಪ ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು. ಗಡಿಬಿಡಿಯಲ್ಲಿ ಗುರುವೂ ಮರೆತರು, ಶಿಷ್ಯನೂ ಮರೆತ.

ಬೆಳಿಗ್ಗೆ ಬಟ್ಟೆ ತೆಗೆದೆವು. ಜೇನು ಹುರುಪಿನಿಂದ ಹೊರಟವು. ದೊಡ್ಡಪ್ಪ ಇಸ್ತ್ರಿ ಅಂಗಿ ತೊಟ್ಟು ಪಕ್ಕದಲ್ಲೇ ನಿಂತರು. ಬಿಸಿಲೇರಿದ ಮೇಲೆ ಸಾಹೇಬರು ಬಂದರು. ಬಂದಾಗಿನಿಂದ ತಮಿಳಿನಲ್ಲೇ ಮಾತು. ಮುಚ್ಚಳ ಎತ್ತಿದರೆ ಒಳಗೆ ರಾಣಿಯ ಸುತ್ತ ಒಂದು ಹಿಡಿ ಎಳೇ ಹುಳು, ಅಷ್ಟೇ. ಹೋಗುವವರಿಲ್ಲ, ಬರುವವರಿಲ್ಲ. ಮಿಕ್ಕವೆಲ್ಲ ಎಲ್ಲಿ ಎಂದು ಸಾಹೇಬರು ತಮಿಳಿನಲ್ಲಿ ಕೇಳಿದರು.

"ಎಲ್ಲಾಂ ಫಸ್ಟ್ ಶಿಫ್ಟ್ ಪೋಯಿರುಕ್ಕು ಸಾರ್," ಎಂದರು ದೊಡ್ಡಪ್ಪ. ಎಲ್ಲ ಫಸ್ಟ್ ಶಿಫ್ಟಿಗೆ ಹೋಗಿವೆಯಂತೆ!

ಹಾಗೇ ನನ್ನ ಕಡೆ ತಿರುಗಿ, ಸಾಹೇಬರಿಗೆ ಅರ್ಥವಾಗದಿರಲೆಂದು ಕನ್ನಡದಲ್ಲಿ ಹಲ್ಲು ಕಡಿದರು: "ಎಲ್ಲೋದ್ವಲಾ? ನಿನ್ ಜೇನ್ಗೆ ಮಾನ ಮರ್ವಾದೆ ಇಲ್ವಾ?"

ಉತ್ತರ ಗೋಡೆಯಾಚೆಯಿಂದ ಬಂತು. ನನ್ನ ಹೆಂಡತಿ ಒಗೆದ ಬಟ್ಟೆಯ ಬಕೆಟ್ ಸೊಂಟಕ್ಕಿಟ್ಟುಕೊಂಡು ಕೂಗಿದಳು: "ದೊಡ್ಡಪ್ಪಾ! ಜೇನೆಲ್ಲಾ ಇಲ್ಲೇ ಖಾಲಿ ಜಾಗ ಸುತ್ಕೊಂಡು ಗುಂಯ್ ಅಂತವೆ! ಬಟ್ಟೆ ಒಣಗಾಕಕ್ಕೂ ಬುಡ್ತಿಲ್ಲ. ಸಾಯೇಬ್ರು ಹೋದ್ರಾ? ನಮ್ ಪೆಟ್ಟಿಗೆ ಕೊಟ್‌ಬುಡಿ!"

ಆಯಮ್ಮ ಏನು ಹೇಳುತ್ತಿದ್ದಾರೆ ಎಂದು ಸಾಹೇಬರು ತಮಿಳಿನಲ್ಲೇ ವಿಚಾರಿಸಿದರು. ದೊಡ್ಡಪ್ಪನ ಮುಖ ಬಿಳಿಚಿತು, ಆದರೆ ಬಾಯಿ ಸೋಲಲಿಲ್ಲ. "ಕಾಪಿ ಸಾಪ್ಪಿಡ ಕೂಪ್ಪಿಡ್ರಾಂಗ ಸಾರ್," ಎಂದರು. ಕಾಫಿಗೆ ಕರೆಯುತ್ತಿದ್ದಾಳಂತೆ!

ಸಾಹೇಬರು ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ದೊಡ್ಡಪ್ಪನ ಹೆಗಲ ಮೇಲೆ ಕೈಯಿಟ್ಟರು.

"ಯಜಮಾನ್ರೇ, ನಮ್ಮವ್ವನ್ ತವರು ನಾಟ್ರಾಂಪಾಳ್ಯ, ಅಲ್ಲೆಲ್ಲಾ ಕನ್ನಡಾನೇ. ಕಾಫಿ ಆಮ್ಯಾಕ್ ಕುಡ್ಯಾನ. ಮೊದ್ಲು ನೀವೊಂದ್ ಕಡೆ ಹಿಡ್ಕಳಿ, ನಾನೊಂದ್ ಕಡೆ ಹಿಡ್ಕೋತೀನಿ, ಈ ಪೆಟ್ಟಿಗೆ ಆ ಕಡೆ ದಾಟ್ಸಾನ. ಪಾಪ, ಶಿಫ್ಟ್ ಮುಗ್ಸ್ಕೊಂಡ್ ಬಂದೋರು ಮನೆ ಕಾಣ್ದೆ ನಿಂತವ್ರೆ!"