ಕೌದಿಯ ಕೋಟು

ಲಿಂಗಸುಗೂರಿನ ಖಾಜಾಸಾಬನ ಹೊಲಿಗೆ ಅಂಗಡಿಯಲ್ಲಿ ಆ ದಿನ ನಾವು ಮೂವರಿದ್ದೆವು: ಖಾಜಾಸಾಬ, ನಾನು ಮತ್ತು ಒಂದು ಕೌದಿ. ನನ್ನ ಹೆಂಡತಿ ಸುಜಾತಾ ಇರಲಿಲ್ಲ. ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ.

ಚಳಿಗಾಲದಲ್ಲೇ ಲಡಾಖಿಗೆ ಹೋಗಿ, ಹಿಮದ ನಡುವಿನ ವಿಹಾರದಲ್ಲಿ ಬುದ್ಧನ ಮುಂದೆ ಇಬ್ಬರೂ ಜೋಡಿಯಾಗಿ ಕೈ ಮುಗಿಯಬೇಕೆಂಬುದು ಅವಳ ಎಷ್ಟೋ ವರ್ಷದ ಆಸೆ. ಟಿಕೆಟ್ ಆಗಿತ್ತು. ಕಚೇರಿಯ ಗೆಳೆಯರೆಲ್ಲ ದಪ್ಪ ಜಾಕೀಟು ತಗೋ ಎಂದರು. ನಾನು ನಕ್ಕುಬಿಟ್ಟೆ. ಮಸ್ಕಿಯ ಬಿಸಿಲಲ್ಲಿ ಐವತ್ತು ವರ್ಷ ಬೆಂದ ದೇಹ ನನ್ನದು! ಒಳಗೇ ಅಷ್ಟು ಶಾಖ ಜಮಾ ಆಗಿದೆ. ಇನ್ನು ಹೊರಗಿನದಕ್ಕೆ, ಟ್ರಂಕಿನಲ್ಲಿ ಹಳೇ ಸೀರೆಗಳನ್ನು ಕೂಡಿಸಿ ಹೊಲಿದ ಏಳು ಪದರದ ಕೌದಿ ಇದೆಯಲ್ಲ! ಅದನ್ನೇ ಕೋಟು ಮಾಡಿಸಿದರೆ?

ಇಂಥ ಯೋಚನೆ ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ನನಗೇ ಆಶ್ಚರ್ಯವಾಯಿತು. ಯಾಕೆ ಹೊಳೆಯಲಿಲ್ಲ ಎಂಬುದು ಆಮೇಲೆ ತಿಳಿಯಿತು.

"ಸರ, ಇದು ಬಟ್ಟೆ ಅಲ್ಲ, ಗ್ವಾಡಿ ಐತ್ರಿ," ಎಂದ ಖಾಜಾಸಾಬ. ಮೂರು ಸೂಜಿ ಮುರಿದಿದ್ದವು. ಮೂಲೆ ಕತ್ತರಿಸುವಾಗ ಒಳಗಿನಿಂದ ಒಣ ರೊಟ್ಟಿಯ ಚೂರೊಂದು ಉದುರಿತು.

"ಇದೇನ್ರಿ?"

"ಕಸ. ಒಗಿ ಅತ್ತಾಗ!" ಎಂದೆ ನಾನು, ಧಣಿಯ ಗತ್ತಿನಲ್ಲಿ.

ಕೋಟು ತಯಾರಾಯಿತು. ತೊಟ್ಟುಕೊಂಡರೆ ಕೈ ಕೆಳಗಿಳಿಯುತ್ತಿರಲಿಲ್ಲ. ಇರಲಿ, ಚಳಿಗೆ ಕೈ ಇಳಿಸುವ ಅಗತ್ಯವೇನಿದೆ? ಮನೆಯಲ್ಲಿ "ಕೋಟು ಹೊಲಿಸೀನಿ, ಅಲ್ಲೇ ನೋಡು!" ಎಂದಷ್ಟೇ ಹೇಳಿ, ಚೀಲದ ಬಾಯಿ ಕಟ್ಟಿಬಿಟ್ಟೆ. ಸುಜಾತಾ ಮಾತ್ರ ಲೇಹ್ ಪೇಟೆಯಲ್ಲಿ ಇಳಿದ ಕೂಡಲೇ ತನಗೊಂದು ಜಾಕೀಟು ಬಾಡಿಗೆಗೆ ತಗೊಂಡಳು. ಪಾಪ, ಹೆದರಿದ್ದಾಳೆ ಎಂದುಕೊಂಡೆ.

ಮರುದಿನ ಮುಂಜಾನೆ ಹೋಟೆಲಿನ ಕೋಣೆಯಲ್ಲಿ ಕೋಟು ತೊಟ್ಟು ಮದುಮಗನಂತೆ ನಿಂತೆ. "ಹೆಂಗೈತಿ?"

ಅವಳು ಎದ್ದು ಬಂದು ನನ್ನ ಎದೆಯ ಮೇಲಿನ ಹಸಿರು ತುಂಡನ್ನು ಮುಟ್ಟಿದಳು.

"ಇದು ನಮ್ಮವ್ವನ ಸೀರಿ."

ನಾನು ಬಗ್ಗಿ ಎದೆ ನೋಡಿಕೊಂಡೆ.

"ಆಕಿ ಕಡೀಗೆ ಹೊಲಿದ ಕೌದಿ ಇದು. ತವರು ಪಾಮನಕಲ್ಲೂರಾಗ ಕಣ್ಣು ಕಾಣದಿದ್ರೂ ಹೊಲಿದು ಕೊಟ್ಟಿದ್ಲು." ಮೂಲೆ ತಡಕಿದಳು. "ರೊಟ್ಟಿ ಎಲ್ಲೈತ್ರೀ?"

"ಯಾವ ರೊಟ್ಟಿ?"

"ಕೌದಿ ಹೊಟ್ಟಿ ಬರಿದಿರಬಾರದಂತ ಅವ್ವ ಕಡೀ ಹೊಲಿಗ್ಯಾಗ ರೊಟ್ಟಿ ಚೂರು ಇಟ್ಟಿದ್ಲು. ಹಸದ ಕೌದಿ ಬೆಚ್ಚಗ ಇಡತೈತೇನು?"

ಅವಳು ನನಗೆ ಬೆನ್ನು ತಿರುಗಿಸಿ ತನ್ನ ಜಾಕೀಟು ತೊಟ್ಟುಕೊಂಡಳು. ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿತ್ತು. ಒಳಗೆ ಅದಕ್ಕಿಂತ ಕೆಳಗೆ!

ಈಗ ಮರ್ಯಾದೆ ಉಳಿಯಲು ಒಂದೇ ದಾರಿ: ಕೋಟು ಎಷ್ಟು ಬೆಚ್ಚಗಿದೆ ಎಂದು ತೋರಿಸಬೇಕು. ವಿಹಾರದ ಅಂಗಳದಲ್ಲಿ ಇಳಿದೊಡನೆ, "ನೋಡು, ಚಳಿನ ಇಲ್ಲ!" ಎಂದು ಎರಡೂ ಕೈ ಚಾಚಿ ಹಿಮದಲ್ಲಿ ಉರುಳಿದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಸಿಂಧನೂರಿನ ಗದ್ದೆಗಳು ಕಾಲುವೆ ನೀರು ಕುಡಿಯುವಂತೆ ಏಳು ಪದರದ ನೂಲು ನನ್ನ ಮೈಶಾಖಕ್ಕೆ ಕರಗಿದ ಹಿಮ ಕುಡಿಯಿತು. ಗಾಳಿ ಬೀಸಿತು.

ಕೋಟು ಹಲಗೆಯಾಯಿತು!

ಚಾಚಿದ ಕೈ ಚಾಚಿದಂತೆಯೇ ನಿಂತವು. ಬಾಗಿಲಲ್ಲಿ ಹಿಡಿಸದೆ, ಮಂಚ ಸಾಗಿಸುವ ಹಾಗೆ ಅಡ್ಡವಾಗಿ ಒಳಹೊಕ್ಕೆ. ಎದುರಿಗೆ ಶಾಂತ ಬುದ್ಧ. ಪಕ್ಕದಲ್ಲಿ ಸುಜಾತಾ, ಕೈ ಮುಗಿದು. ನಾನು? ಹೊಲದ ಬೆದರುಬೊಂಬೆ! ಎಷ್ಟು ಹೆಣಗಿದರೂ ಅಂಗೈಗಳ ನಡುವೆ ಮೂರು ಮೊಳದ ಅಂತರ. ಇಷ್ಟು ವರ್ಷದ ಅವಳ ಆಸೆ ಆ ಅಂತರದಲ್ಲಿ ಜೋತಾಡುತ್ತಿತ್ತು.

"ಸುಜಾತಾ," ಎಂದೆ, ಹಲ್ಲು ಕಟಕಟಿಸುತ್ತ, "ಥಂಡಿ ಆಗಾಕತ್ತೈತಿ. ನಂದು ತಪ್ಪಾತು."

ವಯಸ್ಸಾದ ಭಿಕ್ಷುವೊಬ್ಬರು ಓಡಿಬಂದರು. ಅವರೊಂದು ತೋಳು, ಸುಜಾತಾ ಒಂದು ತೋಳು ಹಿಡಿದು ಎಳೆದರು. ನಾನು ಕೆಳಗಿನಿಂದ ಜಾರಿ ಹೊರಬಿದ್ದೆ. ಕೋಟು ಮಾತ್ರ ಕೈ ಚಾಚಿಕೊಂಡು ಹಾಗೇ ನಿಂತಿತ್ತು! ಭಿಕ್ಷು ಅದರ ಸುತ್ತ ಒಂದು ಸುತ್ತು ಬಂದು, ನನ್ನ ಮುಖ ನೋಡಿ, ಮತ್ತೆ ಕೋಟನ್ನು ನೋಡಿದರು. ಸುಜಾತಾಳಿಗೆ ನಗು ತಡೆಯಲಾಗಲಿಲ್ಲ.

"ನಿಮಗಿಂತ ಅದ ಛಲೋ ನಿಂತೈತ್ರೀ!"

ಭಿಕ್ಷು ನನಗೆ ತಮ್ಮ ಉಣ್ಣೆಯ ಶಾಲು ಹೊದಿಸಿದರು. ನಡುಗುತ್ತಲೇ ಅವಳ ಪಕ್ಕ ನಿಂತು ಕೈ ಮುಗಿದೆ. ಆಮೇಲೆ ಅವಳು ಒಲೆಯ ಹತ್ತಿರ ಕುಳಿತು, ಕೋಟನ್ನು ತೊಡೆಯ ಮೇಲಿಟ್ಟುಕೊಂಡು, ಮಗುವಿನ ಮೈ ಒರೆಸುವ ಹಾಗೆ ಮಧ್ಯಾಹ್ನದವರೆಗೂ ಒಣಗಿಸಿದಳು.

ಮಸ್ಕಿಗೆ ಬಂದ ಮೇಲೆ ಸುಜಾತಾ ಕೋಟಿನ ಹೊಲಿಗೆ ಬಿಚ್ಚಿ ಮತ್ತೆ ಕೌದಿ ಹೊಲಿದಳು. ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು. ಕೊನೆಯ ಮೂಲೆ ಮುಚ್ಚುವ ಮೊದಲು ರೊಟ್ಟಿಯ ಹೊಸ ಚೂರೊಂದನ್ನು ನನ್ನ ಕೈಗೆ ಕೊಟ್ಟು, "ನೀವ ಇಡ್ರಿ," ಎಂದಳು. ಇಟ್ಟೆ. ಕತ್ತರಿಗೆ ಹೋದದ್ದು ಹೋಗಿ ಕೌದಿ ಈಗ ಒಂದು ಗೇಣು ಗಿಡ್ಡ. ಅವಳಿಗೆ ಸರಿಯಾಗುತ್ತದೆ. ನನ್ನ ಪಾದಗಳು ಮಾತ್ರ ಹೊರಗಿರುತ್ತವೆ.