ಬ್ಲಾಗಿನಲ್ಲಿ ಬೆಂದ ರೊಟ್ಟಿ

ಮನೆಯ ಮಾತನ್ನು ಇಂಟರ್‌ನೆಟ್ಟಿಗೆ ಹಾಕುವವರ ಬಾಗಿಲಿಗೆ ಇಂಥ ಪ್ರಸಂಗಗಳು ತಾವಾಗಿಯೇ ನಡೆದುಕೊಂಡು ಬರುತ್ತವೆ. ಬ್ಲಾಗು ಹೊಸದಾಗಿ ಬಂದ ಕಾಲ. ಬೈಲಹೊಂಗಲದಲ್ಲಿ ನನ್ನದೊಂದು ಸೈಬರ್ ಕೆಫೆ ಇತ್ತು. ಅಣ್ಣ ತೀರಿಕೊಂಡ ಮೇಲೆ ಅವನ ಹೆಂಡತಿ, ನಮ್ಮ ವೈನಿ, ಯಾರ ಹಂಗೂ ಬೇಡವೆಂದು ಕಡಕ್ ರೊಟ್ಟಿಯ ಕಂಪನಿ ತೆಗೆದರು. ಅದು ಬೆಳೆಯುವುದನ್ನು ಬ್ಲಾಗಿನಲ್ಲಿ ಬರೆಯೋಣವೇ ಎಂದೆ.

"ಬರಿ. ಆದ್ರ ಇದ್ದದ್ದ ಇದ್ದಂಗ ಬರಿ" ಎಂದರು.

ತಿಂದವರ ತಕರಾರು

ಹೊಸ ಹಂಚಿನ ಕಾವು ತಿಳಿಯದೆ ಒಮ್ಮೆ ರೊಟ್ಟಿ ಹೊತ್ತಿದವು. ಅದನ್ನೂ ಬರೆದೆ. ಸವದತ್ತಿಯಿಂದ ಒಬ್ಬ ನಿವೃತ್ತ ಮಾಸ್ತರರು ಬಸ್ಸು ಹಿಡಿದು ಬಂದರು.

"ಹ್ವಾದ ವಾರದ ರೊಟ್ಟಿ ಹೊತ್ತಿದ್ದವಂತಲ್ಲ?"

"ಹೌದ್ರಿ ಸರ. ರುಚಿ ಹತ್ತಲಿಲ್ಲೇನ್ರಿ?" ಎಂದರು ವೈನಿ.

"ಭಾಳ ಹತ್ತಿದ್ದವು, ಎಲ್ಲಾ ತಿಂದೇವಿ. ನಿನ್ನೆ ಮಗಾ ಓದಿ ಹೇಳಿದ ಮ್ಯಾಲಿಂದ ಮನಿಮಂದಿಗೆಲ್ಲಾ ಹೊಟ್ಟಿ ಕಡಿಯಾಕ ಹತ್ತೇತಿ!"

ವೈನಿ ಬೇರೆ ಪಾಕೀಟು ಕೊಟ್ಟರು. ಮಾಸ್ತರರು ಬಾಗಿಲಲ್ಲಿ ತಿರುಗಿ ನಿಂತು, "ಇವುಗಳ ಬಗ್ಗೆ ಏನೂ ಬರೀಬ್ಯಾಡ್ರಿ, ಸುಮ್ಮ ತಿಂತೇವಿ" ಎಂದರು.

ಅಭಿಮಾನಿ

ಜೋಳ ಎಂಥದ್ದು, ಹಿಟ್ಟಿಗೆ ನೀರು ಎಷ್ಟು ಬಿಸಿ, ಎಳ್ಳು ಯಾವಾಗ ಹಚ್ಚಬೇಕು, ಎಲ್ಲ ಬರೆದೆವು. ರಾಮದುರ್ಗದ ಒಬ್ಬ ಓದುಗ ಪ್ರತಿ ಸಲ "ಭೇಷ್" ಎನ್ನುತ್ತಿದ್ದ. ನಾವು ಹಿಗ್ಗಿದೆವು. ವೈನಿಗೆ ಜ್ವರ ಬಂದು ಕೆಲವು ದಿನ ಬರೆಯಲಾಗಲಿಲ್ಲ. ಆತನದೇ ಫೋನು ಬಂತು.

"ಒಣಗಿಸೂದರ ತನಕಾ ಬರದು ನಿಲ್ಲಿಸೀರಲ್ರಿ! ಪ್ಯಾಕಿಂಗ್ ಹೆಂಗಂತ ಲಗೂ ಬರೀರಿ. ಇಲ್ಲಿ ನನ್ನ ಕಂಪನಿ ಹೆಣ್ಣಮಕ್ಕಳು ಕೆಲಸಾ ಇಲ್ಲದ ಕುಂತಾರ."

ನನಗೆ ಮೈಯೆಲ್ಲ ಉರಿಯಿತು. "ವೈನಿ, ಅವ ನಮ್ಮ ಗಿರಾಕಿನೆಲ್ಲಾ ಕಸೀತಾನ್ರಿ" ಎಂದೆ.

"ಹೆಣ್ಣಮಕ್ಕಳು ಸುಮ್ಮ ಕುಂತಾರಂತ, ಬರದು ಹಾಕು" ಎಂದರು ಮಲಗಿದಲ್ಲಿಂದಲೇ. "ನನಗ ಜ್ವರ ಐತಂತನೂ ಬರಿ. ಇಲ್ಲಂದ್ರ ಮತ್ತ ಫೋನ್ ಮಾಡ್ತಾನ."

ಬುತ್ತಿ

ನೋಡನೋಡುತ್ತ ಮುನವಳ್ಳಿ, ನೇಸರಗಿ, ಕಿತ್ತೂರುಗಳಲ್ಲೆಲ್ಲ ನಮ್ಮ ಬ್ಲಾಗು ಓದಿದವರ ರೊಟ್ಟಿ ಕಂಪನಿಗಳು ಎದ್ದವು. ನಮ್ಮದು ಮುಚ್ಚಿತು. ಅದನ್ನೂ ಇದ್ದದ್ದು ಇದ್ದಂತೆ ಬರೆದೆ. ಬರೆಯುವಾಗ ಅಳು ತಡೆಯಲಾಗಲಿಲ್ಲ.

ನಮ್ಮ ಕಡೆ ಸಾವಾದ ಮನೆಗೆ ನಂಟರಿಷ್ಟರು ಬುತ್ತಿ ಕಟ್ಟಿಕೊಂಡು ಬಂದು ಉಣ್ಣಿಸುತ್ತಾರೆ. ಸುದ್ದಿ ತಿಳಿದವರು ನಮ್ಮ ಮನೆಗೂ ಬುತ್ತಿ ತಂದರು! ಸೆರಗು ಮುಚ್ಚಿಕೊಂಡು ಕುಳಿತು, "ಎಷ್ಟ ದಿವಸದಿಂದ ಆರಾಮ ಇರಲಿಲ್ಲವ್ವಾ ಕಂಪನಿಗೆ?" ಎಂದು ಕೇಳಿದವರೂ ಉಂಟು.

ವೈನಿ ಮಾತ್ರ ಊಟ ಬಿಟ್ಟಿದ್ದರು. ಎದುರು ಮನೆಯ ಹಿರಿಯ ಹೆಂಗಸು, ನಮಗೆಲ್ಲ ಕಾಕು, ರೊಟ್ಟಿ, ಶೇಂಗಾ ಚಟ್ನಿ ಬಡಿಸಿ ಒತ್ತಾಯ ಮಾಡಿದರು. ಕಂಪನಿ ನಡೆದಷ್ಟು ಕಾಲ ಇಡೀ ರೊಟ್ಟಿ ಗಿರಾಕಿಗೆ, ಮುರಿದ ಚೂರು ವೈನಿಗೆ. ಈಗ ಇಡೀ ರೊಟ್ಟಿ ಎಲೆಗೆ ಬಂದಿತ್ತು. ಒಂದು ತುತ್ತು ಬಾಯಿಗಿಟ್ಟವರೇ ಬಿಕ್ಕಿ ಬಿಕ್ಕಿ ಅತ್ತರು.

"ಏನ್ ರುಚಿ ಅದಾವ ಕಾಕು! ಇಂಥಾ ರೊಟ್ಟಿ ನಮಗ ಮಾಡಾಕ ಬಂದಿದ್ರ ಕಂಪನಿ ಯಾಕ ಮುಚ್ಚತಿತ್ತು?"

ಕಾಕು ಕಣ್ಣೊರೆಸಿಕೊಂಡರು. "ನಿನ್ನ ರೊಟ್ಟೀನ ಯವ್ವಾ ಇವು. ಮುಚ್ಚತಾರಂತ ಕೇಳಿ, ಅಂಗಡ್ಯಾಗ ಉಳದಿದ್ದೆಲ್ಲಾ ನಾನ ತಗೊಂಡಿದ್ನಿ."